ಕ್ರಿಸ್ಟಿಯಾನ್ ಹೈಗೆನ್ಸ್ ಮಹಾಶಯನ ಚರಿತ್ರೆ

ಗಡಿಯಾರವನ್ನು ನೋಡದೆ ದಿನ ಕಳೆಯುವವರು ಈ ಕಾಲದಲ್ಲಿ ವಿರಳ. ಶಾಲೆಯ ಗಂಟೆ ಬಾರಿಸುವುದೂ, ರೈಲುಬಂಡಿ ಹೊರಡುವುದೂ, ಆಸ್ಪತ್ರೆಯಲ್ಲಿ ರೋಗಿಗೆ ಔಷಧ ಕೊಡುವುದೂ ಗಡಿಯಾರದ ಮುಳ್ಳಿನ ಅಪ್ಪಣೆಯಂತೆಯೇ ನಡೆಯುತ್ತವೆ. ಆ ಮುಳ್ಳಿಗೆ ನಂಬತಕ್ಕ ನಡಿಗೆಯನ್ನು ಕಲಿಸಿಕೊಟ್ಟವನು ಹಾಲೆಂಡ್ ದೇಶದ ಕ್ರಿಸ್ಟಿಯಾನ್ ಹೈಗೆನ್ಸ್ ಎಂಬ ಮಹಾಶಯನು. ಶನಿಗ್ರಹದ ಬಳೆಯ ನಿಜಸ್ಥಿತಿಯನ್ನು ತಿಳಿಸಿದವನೆಂದೂ, ಬೆಳಕು ಅಲೆಯ ರೂಪದಲ್ಲಿ ಹರಡುತ್ತದೆಂದು ವಾದಿಸಿದವನೆಂದೂ ನಮ್ಮ ವಿದ್ಯಾರ್ಥಿನಿಯರು ಭೌತಶಾಸ್ತ್ರದ ಪುಸ್ತಕಗಳಲ್ಲಿ ಅವನ ಹೆಸರನ್ನು ಓದಿರುವರು. ಆದರೆ ಅವನು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ ಕಂಡ ಒಂದು ಸಣ್ಣ ಸಂಗತಿಯು, ಸುಮಾರು ಮುನ್ನೂರೈವತ್ತು ವರ್ಷಗಳ ತರುವಾಯ, ನಮ್ಮ ಶರೀರದ ಜೀವಕೋಶಗಳು ಯಾವ ಹೊತ್ತಿನಲ್ಲಿ ಇಬ್ಭಾಗವಾಗುತ್ತವೆಂಬುದನ್ನು ಲೆಕ್ಕಹಾಕುವ ವಿದ್ವಾಂಸರಿಗೆ ನೆರವಾಗಿದೆಯೆಂಬುದು ಬಹುಮಂದಿಗೆ ತಿಳಿಯದು. ಆದಕಾರಣ ಆ ಮಹನೀಯನ ಜೀವಿತವನ್ನು ಸಂಕ್ಷೇಪವಾಗಿ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಅವರ ತಾಯ್ತಂದೆಗಳ ಮುಂದಿಡಲು ಬಯಸುತ್ತೇವೆ.

ಹೈಗೆನ್ಸನು ೧೬೨೯ನೆಯ ಇಸವಿ ಏಪ್ರಿಲ್ ತಿಂಗಳ ೧೪ನೆಯ ದಿನ ಹೇಗ್ ಪಟ್ಟಣದಲ್ಲಿ ಜನಿಸಿದನು. ತಂದೆಯಾದ ಕಾನ್ಸ್ಟಂಟೈನ್ ಹೈಗೆನ್ಸನು ಆ ದೇಶದ ಹೆಸರಾಂತ ಕವಿ. ಆರೆಂಜ್ ಮನೆತನದ ರಾಜಕುಮಾರರಿಗೆ ಕಾರ್ಯದರ್ಶಿಯಾಗಿದ್ದು ರಾಜಕಾರ್ಯಗಳಲ್ಲಿ ನುರಿತವನು. ತಾಯಿಯ ಹೆಸರು ಸುಸಾನಾ ವಾನ್ ಬಾರ್ಲೆ. ಕ್ರಿಸ್ಟಿಯಾನನು ಅವರ ಎರಡನೆಯ ಮಗ. ೧೬೩೭ನೆಯ ಇಸವಿಯಲ್ಲಿ ಒಬ್ಬ ಮಗಳನ್ನು ಹೆತ್ತ ಸ್ವಲ್ಪ ಕಾಲದಲ್ಲಿಯೇ ತಾಯಿಯು ತೀರಿಕೊಂಡಳು. ಆಗ ಬಾಲಕನಿಗೆ ಎಂಟು ವರ್ಷ. ನಾಲ್ವರು ಗಂಡುಮಕ್ಕಳನ್ನೂ ಒಬ್ಬ ಹೆಣ್ಣುಮಗುವನ್ನೂ ಬೆಳೆಯಿಸುವ ಭಾರವು ತಂದೆಯ ಮೇಲೆ ಬಿದ್ದಿತು. ಅವನು ಮಕ್ಕಳಿಗೆ ಮನೆಯಲ್ಲಿಯೇ ಉಪಾಧ್ಯಾಯರನ್ನಿಟ್ಟು ಭಾಷೆಗಳನ್ನೂ ಸಂಗೀತವನ್ನೂ ಗಣಿತವನ್ನೂ ಕಲಿಸಿದನು. ಫ್ರಾನ್ಸ್ ದೇಶದ ತತ್ತ್ವಜ್ಞಾನಿ ಡೇಕಾರ್ಟನು ತಂದೆಗೆ ಮಿತ್ರನಾಗಿದ್ದು, ಹುಡುಗನ ರೇಖಾಗಣಿತವನ್ನು ನೋಡಿ ಮೆಚ್ಚಿಕೊಂಡನಂತೆ. ತಂದೆಯಂತೂ ಮಗನನ್ನು ಪ್ರೀತಿಯಿಂದ ಆರ್ಕಿಮಿಡೀಸನಿಗೆ ಹೋಲಿಸುತ್ತಿದ್ದನು.

೧೬೪೫ನೆಯ ಇಸವಿಯಲ್ಲಿ ಹೈಗೆನ್ಸನು ಲೈಡನ್ ವಿಶ್ವವಿದ್ಯಾಲಯವನ್ನು ಸೇರಿ ನ್ಯಾಯಶಾಸ್ತ್ರವನ್ನೂ ಗಣಿತವನ್ನೂ ಅಭ್ಯಾಸಮಾಡಿದನು. ತರುವಾಯ ಬ್ರೆಡಾ ಪಟ್ಟಣದ ಕಾಲೇಜಿನಲ್ಲಿ ಎರಡು ವರ್ಷ ಓದಿದನು. ಮಗನು ತನ್ನಂತೆಯೇ ರಾಜತಂತ್ರವನ್ನು ಹಿಡಿಯಲೆಂದು ತಂದೆಗೆ ಆಸೆ. ಆದರೆ ಮಗನ ಮನಸ್ಸು ಅಂಕೆಗಳಲ್ಲಿಯೂ ಗಾಜಿನಲ್ಲಿಯೂ ನೆಟ್ಟಿದ್ದಿತು. ತಂದೆಯು ಬಲಾತ್ಕರಿಸದೆ, ಖರ್ಚಿಗೆ ಕೊಟ್ಟು, ಮಗನಿಗೆ ಮನಸ್ಸೊಪ್ಪಿದ ದಾರಿಯಲ್ಲಿ ನಡೆಯಬಿಟ್ಟನು. ಮಕ್ಕಳ ವಿದ್ಯೆಯ ವಿಷಯದಲ್ಲಿ ಚಿಂತಿಸುವ ತಾಯ್ತಂದೆಗಳು ಈ ಮಾತನ್ನು ಗಮನಿಸಬಹುದು.

ಹೈಗೆನ್ಸನೂ ಅವನ ಅಣ್ಣನೂ ಜೊತೆಗೂಡಿ ತಮ್ಮ ಕೈಯಿಂದಲೇ ಗಾಜನ್ನು ಉಜ್ಜಿ ದೂರದರ್ಶಕಕ್ಕೆ ಬೇಕಾದ ಮಸೂರಗಳನ್ನು ಮಾಡಿಕೊಂಡರು. ಅಂತಹ ದರ್ಶಕದಿಂದ ೧೬೫೫ನೆಯ ಇಸವಿ ಮಾರ್ಚ್ ೨೫ರಂದು ಅವನು ಶನಿಗ್ರಹವನ್ನು ಸುತ್ತುವ ಒಂದು ಚಂದ್ರನನ್ನು ಕಂಡುಹಿಡಿದನು. ಈಗ ಅದಕ್ಕೆ ಟೈಟನ್ ಎಂದು ಹೆಸರು. ಶನಿಯ ಇಕ್ಕೆಲದಲ್ಲಿ ಕಿವಿಗಳಂತೆ ಕಾಣುತ್ತಿದ್ದುದು ಏನೆಂದು ಗೆಲಿಲಿಯೋ ಮಹಾಶಯನಿಗೂ ಬಗೆಹರಿದಿರಲಿಲ್ಲ. ಅದು ಗ್ರಹವನ್ನು ಎಲ್ಲಿಯೂ ಮುಟ್ಟದೆ ಸುತ್ತುವರಿದ ತೆಳ್ಳನೆಯ ಬಳೆಯೆಂದು ಹೈಗೆನ್ಸನು ನಿರ್ಧರಿಸಿ, ೧೬೫೯ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದನು.

ಆಕಾಶವನ್ನು ನೋಡುವವನಿಗೆ ಹೊತ್ತಿನ ನಿಖರವಾದ ಅಳತೆ ಬೇಕು. ಆ ಕಾಲದ ಗಡಿಯಾರಗಳಾದರೋ ದಿನಕ್ಕೆ ಕಾಲು ಗಂಟೆಯಷ್ಟು ತಪ್ಪುತ್ತಿದ್ದವು. ತೂಗುವ ಲೋಲಕದ ಓಲಾಟವು ಹೆಚ್ಚುಕಡಿಮೆ ಸಮಕಾಲದಲ್ಲಿ ನಡೆಯುತ್ತದೆಂಬುದನ್ನು ಗೆಲಿಲಿಯೋ ಮೊದಲೇ ತಿಳಿದಿದ್ದನು. ಅದನ್ನು ಗಡಿಯಾರಕ್ಕೆ ಹೂಡಬೇಕೆಂದು ವೃದ್ಧಾಪ್ಯದಲ್ಲಿ ಯೋಚಿಸಿಯೂ ಇದ್ದನು. ಆದರೆ ಅದನ್ನು ಕೈಗೂಡಿಸಿ ಲೋಕಕ್ಕೆ ಕೊಟ್ಟವನು ಹೈಗೆನ್ಸನೇ. ೧೬೫೬ನೆಯ ಇಸವಿಯ ಕ್ರಿಸ್ಮಸ್ ದಿನದಂದು ಅವನ ಲೋಲಕದ ಗಡಿಯಾರವು ಸಿದ್ಧವಾಯಿತು. ಮರುವರ್ಷ ಸಾಲಮನ್ ಕಾಸ್ಟರ್ ಎಂಬ ಹೇಗಿನ ಗಡಿಯಾರಗಾರನು ಅದನ್ನು ಮಾಡಿ ಮಾರುವ ಹಕ್ಕನ್ನು ಪಡೆದನು. ದಿನಕ್ಕೆ ಹದಿನೈದು ನಿಮಿಷ ತಪ್ಪುತ್ತಿದ್ದ ಯಂತ್ರವು ಈಗ ಹದಿನೈದು ಸೆಕೆಂಡುಗಳಷ್ಟು ಮಾತ್ರ ತಪ್ಪುವಂತಾಯಿತು. ಹೈಗೆನ್ಸನಿಗೆ ಆಗ ಇಪ್ಪತ್ತೇಳು ವರ್ಷ.

ಅವನ ಮುಂದೆ ಇದಕ್ಕಿಂತ ದೊಡ್ಡ ಗುರಿಯೊಂದಿದ್ದಿತು. ನಡುಗಡಲಿನಲ್ಲಿರುವ ನಾವಿಕನು ತಾನು ಪೂರ್ವಪಶ್ಚಿಮವಾಗಿ ಎಲ್ಲಿರುವೆನೆಂದು ತಿಳಿಯಬೇಕಾದರೆ, ತಾನು ಬಿಟ್ಟುಬಂದ ರೇವಿನಲ್ಲಿ ಈಗ ಎಷ್ಟು ಗಂಟೆಯೆಂಬುದನ್ನು ಬಲ್ಲವನಾಗಿರಬೇಕು. ಒಂದು ಗಂಟೆಯ ವ್ಯತ್ಯಾಸಕ್ಕೆ ಹದಿನೈದು ರೇಖಾಂಶಗಳು. ಇದನ್ನರಿಯದೆ ಆ ದಿನಗಳಲ್ಲಿ ಎಷ್ಟೋ ಹಡಗುಗಳು ಬಂಡೆಗೆ ಬಡಿದು ನಾಶವಾದವು. ಆದುದರಿಂದ ಹೈಗೆನ್ಸನು ಸಮುದ್ರಯಾನಕ್ಕೆ ತಕ್ಕ ಗಡಿಯಾರಗಳನ್ನು ಮಾಡಿಸತೊಡಗಿದನು. ಒಂದು ನಿಂತರೆ ಇನ್ನೊಂದಿರಲೆಂದು ಅವನ್ನು ಜೋಡಿಯಾಗಿಯೇ ತೂಗಹಾಕುವುದು ವಾಡಿಕೆಯಾಯಿತು. ಈ ಜೋಡಿಯಿಂದಲೇ ನಾವು ಹೇಳಹೊರಟ ಸಂಗತಿಯು ಹುಟ್ಟಿತು.

೧೬೬೫ನೆಯ ಇಸವಿಯ ಫೆಬ್ರವರಿ ತಿಂಗಳು. ಹೈಗೆನ್ಸನು ಅಸ್ವಸ್ಥನಾಗಿ ಕೆಲವು ದಿನ ಕೋಣೆಯನ್ನು ಬಿಟ್ಟು ಹೊರಬರಲಾರದೆ ಮಲಗಿದ್ದನು. ಹೊಸದಾಗಿ ಮಾಡಿಸಿದ ಎರಡು ಗಡಿಯಾರಗಳು ಅವನ ಕಣ್ಣೆದುರಿಗೆ ಅಕ್ಕಪಕ್ಕದಲ್ಲಿ ತೂಗುತ್ತಿದ್ದವು. ಬೇರೆ ಕೆಲಸವಿಲ್ಲದ ಆ ಹೊತ್ತಿನಲ್ಲಿ ಅವನು ಅವನ್ನೇ ನೋಡುತ್ತಿರಲಾಗಿ, ಒಂದರ ಲೋಲಕವು ಬಲಕ್ಕೆ ಹೋದಾಗ ಮತ್ತೊಂದರದು ತಪ್ಪದೆ ಎಡಕ್ಕೆ ಹೋಗುತ್ತಿದ್ದುದನ್ನು ಕಂಡನು. ಎರಡರ ಬಡಿತವೂ ಒಂದೇ ಕ್ಷಣದಲ್ಲಿ ಕೇಳಿಬರುತ್ತಿದ್ದಿತು. ಆಕಸ್ಮಿಕವಿರಬಹುದೆಂದು ಒಂದರ ನಡಿಗೆಯನ್ನು ಬೇಕೆಂದೇ ಕೆಡಿಸಿ ನೋಡಿದನು. ಅರ್ಧ ಗಂಟೆಯೊಳಗಾಗಿ ಅವೆರಡೂ ಮೊದಲಿನಂತೆಯೇ ಹೊಂದಿಕೊಂಡವು. ಆಮೇಲೆ ಅವನ್ನು ಸುಮಾರು ಹದಿನೈದು ಅಡಿಗಳಷ್ಟು ದೂರದಲ್ಲಿಟ್ಟನು. ಮರುದಿನದ ಹೊತ್ತಿಗೆ ಅವುಗಳ ನಡುವೆ ಐದು ಸೆಕೆಂಡುಗಳ ಭೇದವು ಕಂಡುಬಂದಿತು. ಹತ್ತಿರವಿದ್ದಾಗ ಒಡಂಬಡುತ್ತಿದ್ದ ಗಡಿಯಾರಗಳು ದೂರವಾದೊಡನೆ ತಮ್ಮ ತಮ್ಮ ದಾರಿಯನ್ನು ಹಿಡಿದವು. ಈ ನಡತೆಗೆ ಅವನು ಗಡಿಯಾರಗಳ ಸಹಾನುಭೂತಿಯೆಂಬರ್ಥದ ಹೆಸರನ್ನಿಟ್ಟು, ತಂದೆಗೂ ಲಂಡನ್ನಿನ ರಾಯಲ್ ಸೊಸೈಟಿಗೂ ಬರೆದು ತಿಳಿಸಿದನು.

ಮೊದಲು ಅವನು ಲೋಲಕಗಳು ಕದಲಿಸಿದ ಗಾಳಿಯೇ ಇದಕ್ಕೆ ಕಾರಣವೆಂದು ಎಣಿಸಿದನು. ಆದರೆ ಅಷ್ಟಕ್ಕೆ ತೃಪ್ತನಾಗಲಿಲ್ಲ. ಕುರ್ಚಿಗಳ ಮೇಲೆ ಅಡ್ಡಲಾಗಿ ಹಲಗೆಯನ್ನಿಟ್ಟು ಅದರಿಂದ ಗಡಿಯಾರಗಳನ್ನು ತೂಗಹಾಕಿ ಪರೀಕ್ಷಿಸಲಾಗಿ, ನಿಜವಾದ ಕಾರಣವು ಹೊರಬಿದ್ದಿತು. ಒಂದೊಂದು ಲೋಲಕವೂ ಓಲಾಡುವಾಗ ತಾನು ತೂಗುವ ತೊಲೆಯನ್ನು ಕಣ್ಣಿಗೆ ಕಾಣದಷ್ಟು ಅಲುಗಿಸುತ್ತದೆ. ಆ ಅಲುಗಾಟವು ಮತ್ತೊಂದಕ್ಕೆ ತಟ್ಟುತ್ತದೆ. ಎರಡೂ ಒಂದೇ ಕಡೆಗೆ ಹೋದರೆ ತೊಲೆಯು ಅಲುಗುತ್ತದೆ. ಎದುರುಬದುರಾಗಿ ಹೋದರೆ ಒಂದರ ನೂಕನ್ನು ಇನ್ನೊಂದು ತಡೆದು ತೊಲೆಯು ಸ್ಥಿರವಾಗಿ ನಿಲ್ಲುತ್ತದೆ. ಆದಕಾರಣ ಎದುರುಬದುರಾದ ನಡಿಗೆಯೇ ಕಡೆಗೆ ನಿಲ್ಲತಕ್ಕುದು. ಸ್ವತಂತ್ರವಾಗಿ ತಿರುಗುವ ಎರಡು ಯಂತ್ರಗಳು, ನಡುವೆ ಒಂದು ಬಲಹೀನವಾದ ಸಂಬಂಧವಿದ್ದರೆ ಸಾಕು, ತಮ್ಮತಮ್ಮೊಳಗೆ ಲಯವನ್ನು ಹೊಂದಿಸಿಕೊಳ್ಳುತ್ತವೆಂಬ ತತ್ತ್ವವು ಹೀಗೆ ಮೊದಲ ಬಾರಿಗೆ ಬೆಳಕಿಗೆ ಬಂದಿತು.

ಆದರೆ ಅವನ ಉದ್ದೇಶಕ್ಕೆ ಇದರಿಂದ ಲಾಭವಾಗಲಿಲ್ಲ, ನಷ್ಟವೇ ಆಯಿತು. ಇಷ್ಟು ಸೂಕ್ಷ್ಮವಾದ ಅಲುಗಾಟಕ್ಕೇ ನಡಿಗೆಯನ್ನು ಬದಲಿಸುವ ಯಂತ್ರವು ಅಲೆಗಳ ನಡುವೆ ತೂರಾಡುವ ಹಡಗಿನಲ್ಲಿ ಹೇಗೆ ನೆಚ್ಚಿಗೆಯಾದೀತೆಂದು ರಾಯಲ್ ಸೊಸೈಟಿಯ ಕೆಲವರು ಸಂಶಯಪಟ್ಟರು. ಅವರ ಸಂಶಯವು ನಿರಾಧಾರವಾಗಿರಲಿಲ್ಲ. ಸಮುದ್ರದ ಮೇಲೆ ನಂಬತಕ್ಕ ಗಡಿಯಾರವು ಲೋಲಕದಿಂದ ಆಗಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗನು ಸುರುಳಿಯ ಗಡಿಯಾರದಿಂದ ಅದನ್ನು ಸಾಧಿಸಿದನು. ಹೈಗೆನ್ಸನ ಆ ಸಣ್ಣ ಶೋಧನೆಯು ಪುಸ್ತಕದ ಮೂಲೆಯನ್ನು ಸೇರಿ ಬಹುಕಾಲ ಅಲ್ಲಿಯೇ ಉಳಿಯಿತು.

೧೬೬೬ನೆಯ ಇಸವಿಯಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೇರನು ಪಾರಿಸಿನಲ್ಲಿ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಹೈಗೆನ್ಸನನ್ನು ಕರೆಯಿಸಿಕೊಂಡು, ದೊಡ್ಡ ವೇತನವನ್ನೂ ರಾಜನ ಗ್ರಂಥಾಲಯದಲ್ಲಿ ವಸತಿಯನ್ನೂ ಕೊಟ್ಟನು. ಅಲ್ಲಿ ಜರ್ಮನಿಯ ತರುಣ ಲೈಬ್ನಿಟ್ಸನು ಅವನಲ್ಲಿ ಗಣಿತವನ್ನು ಕಲಿತನು. ೧೬೭೨ರಲ್ಲಿ ಫ್ರಾನ್ಸ್ ದೇಶವು ಹಾಲೆಂಡಿನ ಮೇಲೆ ದಂಡೆತ್ತಿ ಹೋಯಿತು. ಅವನ ತಂದೆಯೂ ಅಣ್ಣನೂ ಆರೆಂಜಿನ ರಾಜಕುಮಾರನ ಸೇವೆಯಲ್ಲಿದ್ದರು. ಅವನಾದರೋ ಶತ್ರುದೊರೆಯ ಅನ್ನವನ್ನುಣ್ಣುತ್ತಿದ್ದನು. ಆ ಸಂಕಟದ ನಡುವೆಯೇ ೧೬೭೩ರಲ್ಲಿ ತನ್ನ ಮುಖ್ಯ ಗ್ರಂಥವಾದ ಹೊರೊಲೋಜಿಯಂ ಆಸ್ಸಿಲೇಟೋರಿಯಂ ಎಂಬುದನ್ನು ಅಚ್ಚುಹಾಕಿಸಿ ಲೂಯಿ ದೊರೆಗೆ ಅರ್ಪಿಸಿದನು. ಎರಡು ವರ್ಷಗಳ ತರುವಾಯ ಸುರುಳಿ ತಂತಿಯ ಗಡಿಯಾರವನ್ನು ಪ್ರಕಟಿಸಿದಾಗ, ಆ ಯೋಚನೆ ತನ್ನದೆಂದು ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ಪಂಡಿತನು ಜಗಳವೆತ್ತಿದನು.

ಹೈಗೆನ್ಸನ ಶರೀರವು ಎಂದಿಗೂ ದೃಢವಾಗಿರಲಿಲ್ಲ. ೧೬೭೦ರಲ್ಲಿಯೂ ೧೬೭೬ರಲ್ಲಿಯೂ ರೋಗಪೀಡಿತನಾಗಿ ಹುಟ್ಟೂರಿಗೆ ಬಂದು ಚೇತರಿಸಿಕೊಂಡನು. ೧೬೮೧ರಲ್ಲಿ ಮೂರನೆಯ ಬಾರಿ ಬಂದವನು ಮರಳಿ ಹೋಗಲಾಗಲಿಲ್ಲ. ೧೬೮೩ರಲ್ಲಿ ಕೋಲ್ಬೇರನು ತೀರಿಕೊಂಡನು. ೧೬೮೫ರಲ್ಲಿ ಲೂಯಿ ದೊರೆಯು ಪ್ರೊಟೆಸ್ಟಂಟರಿಗೆ ಇದ್ದ ರಕ್ಷಣೆಯ ಶಾಸನವನ್ನು ರದ್ದುಮಾಡಿದನು. ಪ್ರೊಟೆಸ್ಟಂಟನಾದ ಹೈಗೆನ್ಸನಿಗೆ ಪಾರಿಸಿನ ಬಾಗಿಲು ಮುಚ್ಚಿದಂತಾಯಿತು. ೧೬೮೭ರಲ್ಲಿ ತಂದೆಯೂ ಗತಿಸಿದನು. ಅವಿವಾಹಿತನಾದ ಅವನು ಆ ಏಕಾಂತದಲ್ಲಿಯೂ ಕೆಲಸವನ್ನು ಬಿಡಲಿಲ್ಲ. ೧೬೮೯ರಲ್ಲಿ ಇಂಗ್ಲೆಂಡಿಗೆ ಹೋಗಿ ನ್ಯೂಟನ್ ಮಹಾಶಯನನ್ನು ಕಂಡನು. ೧೬೯೦ರಲ್ಲಿ ಬೆಳಕಿನ ಅಲೆಗಳ ವಿಷಯವಾದ ಗ್ರಂಥವನ್ನು ಪ್ರಕಟಿಸಿದನು. ೧೬೯೫ನೆಯ ಇಸವಿ ಜುಲೈ ೮ರಂದು ಹೇಗ್ ಪಟ್ಟಣದಲ್ಲಿ ಅವನ ಜೀವಿತವು ಮುಗಿಯಿತು. ೧೮೮೮ರಿಂದ ೧೯೫೦ರವರೆಗೆ ಅವನ ಬರಹಗಳೆಲ್ಲ ೨೨ ಸಂಪುಟಗಳಾಗಿ ಪ್ರಕಟವಾದವು. ೨೦೦೫ನೆಯ ಇಸವಿ ಜನವರಿ ೧೪ರಂದು, ಅವನ ಹೆಸರನ್ನೇ ಹೊತ್ತ ಯಂತ್ರವೊಂದು ಅವನು ಕಂಡ ಟೈಟನ್ ಚಂದ್ರನ ನೆಲದ ಮೇಲೆ ಇಳಿಯಿತು.

ಇಲ್ಲಿಗೆ ಚರಿತ್ರೆಯನ್ನು ಮುಗಿಸಿದರೂ ಮುಗಿಸಬಹುದು. ಆದರೆ ಮಹಾಪುರುಷರ ಆಯುಷ್ಯವನ್ನು ಅವರ ಕೆಲಸದ ಆಯುಷ್ಯದಿಂದ ಅಳೆಯಬೇಕಲ್ಲವೆ? ಆ ಎರಡು ಗಡಿಯಾರಗಳ ಕಥೆಯು ಮುಂದೆ ಯಾವ ಕಡೆಗೆ ಹರಿಯಿತೆಂಬುದನ್ನು ಹೇಳದಿದ್ದರೆ ಈ ಲೇಖನವು ಅರ್ಧವಾಗುವುದು.

ಹೈಗೆನ್ಸನು ಸೇವೆಮಾಡಿದ್ದ ಅದೇ ಪಾರಿಸ್ ಅಕಾಡೆಮಿಗೆ ೧೭೨೯ರಲ್ಲಿ ಡಿ ಮೆರಾನ್ ಎಂಬ ಪಂಡಿತನ ಒಂದು ಪ್ರಯೋಗವು ವರದಿಯಾಯಿತು. ನಮ್ಮ ಮಕ್ಕಳು ಬೇಲಿಯ ಬಳಿ ಮುಟ್ಟಿ ಆಟವಾಡುವ ಮುಟ್ಟಿದರೆ ಮುನಿ ಗಿಡದ ಜಾತಿಗೆ ಸೇರಿದುದೊಂದು ಗಿಡವು ಹಗಲಲ್ಲಿ ಎಲೆಯನ್ನು ಬಿಚ್ಚಿ ರಾತ್ರಿ ಮುಚ್ಚುತ್ತಿದ್ದಿತು. ಅದನ್ನು ಬಿಸಿಲು ತಾಕದ ಕತ್ತಲೆಯಲ್ಲಿಟ್ಟರೂ ಅದು ತನ್ನ ಹೊತ್ತನ್ನು ಮರೆಯಲಿಲ್ಲ. ಸೂರ್ಯನು ತಿಳಿಸದಿದ್ದರೂ ದಿನವನ್ನು ಬಲ್ಲ ಗಡಿಯಾರವೊಂದು ಜೀವಿಯ ಒಳಗೇ ಇದೆಯೆಂಬುದಕ್ಕೆ ಇದು ಮೊದಲ ಸಾಕ್ಷ್ಯ. ೧೯೭೧ರಲ್ಲಿ ಅಮೆರಿಕದ ಕೊನೋಪ್ಕ ಮತ್ತು ಬೆನ್ಜರ್ ಎಂಬವರು ಹಣ್ಣಿನ ನೊಣದಲ್ಲಿ ಈ ಗಡಿಯಾರಕ್ಕೆ ಸಂಬಂಧಿಸಿದ ಒಂದು ಜೀನನ್ನು ಗುರುತಿಸಿದರು. ಆ ಜೀನಿನ ಆಜ್ಞೆಯಂತೆ ಒಂದು ಪ್ರೋಟೀನು ತಯಾರಾಗುತ್ತದೆ. ಅದು ಸಾಕಷ್ಟು ಕೂಡಿಬಂದಾಗ ತನ್ನ ತಯಾರಿಕೆಯನ್ನು ತಾನೇ ನಿಲ್ಲಿಸುತ್ತದೆ. ಇದ್ದುದು ಸವೆದುಹೋದ ಮೇಲೆ ತಯಾರಿಕೆಯು ಮರಳಿ ಮೊದಲಾಗುತ್ತದೆ. ಈ ಒಂದು ಸುತ್ತಿಗೆ ಸುಮಾರು ೨೪ ಗಂಟೆ. ಇದರ ಕೀಲನ್ನು ಬಿಡಿಸಿದ ಹಾಲ್, ರಾಸ್ಬ್ಯಾಷ್ ಮತ್ತು ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಮೆದುಳಿನಲ್ಲಿ ಮಾತ್ರವಲ್ಲ, ಶರೀರದ ಸಾಮಾನ್ಯ ಜೀವಕೋಶಗಳಲ್ಲಿಯೂ ಇಂತಹ ಗಡಿಯಾರವಿದೆಯೆಂಬುದು ೧೯೯೮ರಲ್ಲಿ ಜಿನೀವದ ಪ್ರಯೋಗಶಾಲೆಯೊಂದರಲ್ಲಿ ಗೊತ್ತಾಯಿತು.

ಅದೇ ಜೀವಕೋಶದಲ್ಲಿ ಇನ್ನೊಂದು ಗಡಿಯಾರವೂ ಉಂಟು. ಕೋಶವು ಬೆಳೆದು, ತನ್ನೊಳಗಿನ ವಂಶದ ಬರಹವನ್ನು ಎರಡು ಪ್ರತಿಯಾಗಿ ಮಾಡಿಕೊಂಡು, ಇಬ್ಭಾಗವಾಗಿ ಎರಡು ಕೋಶಗಳಾಗುತ್ತದೆ. ಗಾಯ ಮಾಯುವುದೂ, ಮಗು ಬೆಳೆಯುವುದೂ ಇದರಿಂದಲೇ. ಸೈಕ್ಲಿನ್ ಎಂಬ ಪ್ರೋಟೀನು ಸ್ವಲ್ಪಸ್ವಲ್ಪವಾಗಿ ಕೂಡಿ, ತನ್ನ ಜೊತೆಗಾರನಾದ ಕಿಣ್ವವನ್ನು ಎಚ್ಚರಗೊಳಿಸಿ, ವಿಭಜನೆಯನ್ನು ನಡೆಯಿಸಿ, ಬಳಿಕ ತಾನೇ ನಾಶವಾಗುತ್ತದೆ. ಮತ್ತೆ ಹೊಸದಾಗಿ ಕೂಡತೊಡಗುತ್ತದೆ. ಇದನ್ನು ಶೋಧಿಸಿದ ಹಾರ್ಟ್ವೆಲ್, ಹಂಟ್ ಮತ್ತು ನರ್ಸ್ ಎಂಬವರು ೨೦೦೧ರ ನೊಬೆಲ್ ಬಹುಮಾನವನ್ನು ಪಡೆದರು. ಹೀಗೆ ಒಂದೇ ಕೋಶವೆಂಬ ಕೋಣೆಯಲ್ಲಿ ಎರಡು ಗಡಿಯಾರಗಳು ಅಕ್ಕಪಕ್ಕದಲ್ಲಿ ತೂಗುತ್ತಿವೆ. ಅವುಗಳ ನಡುವೆ ಸಹಾನುಭೂತಿಯಿದೆಯೆ? ಇದ್ದರೆ, ಅವೆರಡನ್ನೂ ಕೂಡಿಸುವ ತೊಲೆ ಯಾವುದು?

ಆ ತೊಲೆಗಳಲ್ಲೊಂದನ್ನು ೨೦೦೩ರಲ್ಲಿ ಜಪಾನಿನ ವಿದ್ವಾಂಸರು ಇಲಿಯ ಯಕೃತ್ತಿನಲ್ಲಿ ತೋರಿಸಿದರು. ಯಕೃತ್ತಿನ ಭಾಗವನ್ನು ಕತ್ತರಿಸಿ ತೆಗೆದರೂ ಅದು ತಿರುಗಿ ಬೆಳೆಯುತ್ತದೆ. ಅವರು ಕೆಲವು ಇಲಿಗಳಿಗೆ ಒಂದು ಹೊತ್ತಿನಲ್ಲಿಯೂ, ಕೆಲವಕ್ಕೆ ಎಂಟು ಗಂಟೆಗಳ ತರುವಾಯವೂ ಶಸ್ತ್ರಚಿಕಿತ್ಸೆ ಮಾಡಿದರು. ಕತ್ತರಿಸಿದ ವೇಳೆ ಬೇರೆಯಾದರೂ ಕೋಶಗಳು ಇಬ್ಭಾಗವಾದ ವೇಳೆ ದಿನದ ಒಂದೇ ಹೊತ್ತಾಗಿದ್ದಿತು. ಹೊತ್ತಿನ ಗಡಿಯಾರವು ವೀ ಎಂಬ ಹೆಸರಿನ ಕಾವಲುಗಾರ ಪ್ರೋಟೀನನ್ನು ಹೆಚ್ಚುಕಡಿಮೆ ಮಾಡುತ್ತ, ವಿಭಜನೆಯ ಬಾಗಿಲನ್ನು ಕೆಲವು ಹೊತ್ತು ತೆರೆದು ಕೆಲವು ಹೊತ್ತು ಮುಚ್ಚುತ್ತಿದ್ದಿತು.

ಆದರೆ ಹತ್ತಾರು ಪ್ರೋಟೀನುಗಳು ಒಂದನ್ನೊಂದು ತಡೆಯುತ್ತಲೂ ನೂಕುತ್ತಲೂ ಇರುವಾಗ, ಒಟ್ಟಿನ ಫಲವೇನೆಂದು ಬರಿಯ ಮನಸ್ಸಿನಿಂದ ಊಹಿಸಲಾಗದು. ಇಲ್ಲಿ ಗಣಿತವು ಬೇಕಾಗುತ್ತದೆ. ನೀರಿನ ತೊಟ್ಟಿಯಲ್ಲಿ ಒಂದು ನಿಮಿಷದ ಮೇಲೆ ಎಷ್ಟು ನೀರಿರುವುದೆಂದು ತಿಳಿಯಬೇಕಾದರೆ, ಈಗಿರುವುದಕ್ಕೆ ಬರುವುದನ್ನು ಕೂಡಿಸಿ ಹೋಗುವುದನ್ನು ಕಳೆಯುತ್ತೇವಷ್ಟೆ. ಅದರಂತೆಯೇ ಒಂದೊಂದು ಪ್ರೋಟೀನಿಗೂ, ಅದು ಹುಟ್ಟುವ ಮತ್ತು ಸವೆಯುವ ವೇಗಗಳನ್ನಿಟ್ಟು ಒಂದೊಂದು ಸಮೀಕರಣವನ್ನು ಬರೆಯುತ್ತಾರೆ. ಒಂದರ ವೇಗವು ಮತ್ತೊಂದರ ಪ್ರಮಾಣವನ್ನು ಅವಲಂಬಿಸಿರುವುದರಿಂದ ಸಮೀಕರಣಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅವನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ ಅದು ಕ್ಷಣಕ್ಷಣಕ್ಕೂ ಲೆಕ್ಕವಿಡುತ್ತ, ಕೋಶದ ಹಲವು ದಿನಗಳ ಬಾಳನ್ನು ಸ್ವಲ್ಪ ಹೊತ್ತಿನಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಬ್ರಸಲ್ಸ್ ನಗರದ ಆಲ್ಬರ್ಟ್ ಗೋಲ್ಡ್‌ಬೆಟರ್ ಎಂಬ ವಿದ್ವಾಂಸರು ೧೯೯೧ರಲ್ಲಿ ಕೋಶವಿಭಜನೆಗೂ, ೧೯೯೫ರಲ್ಲಿ ನೊಣದ ದಿನಗಡಿಯಾರಕ್ಕೂ ಇಂತಹ ಮಾದರಿಗಳನ್ನು ರಚಿಸಿದರು. ೧೯೯೩ರಲ್ಲಿ ಅಮೆರಿಕದ ಟೈಸನ್ ಮತ್ತು ಹಂಗೆರಿಯ ನೋವಾಕ್ ಎಂಬವರು ಕಪ್ಪೆಯ ಮೊಟ್ಟೆಯ ವಿಭಜನೆಯನ್ನು ಹೀಗೆಯೇ ಗಣಿಸಿದರು. ೨೦೧೨ರಲ್ಲಿ ಗೋಲ್ಡ್‌ಬೆಟರರೂ ಅವರ ಸಹೋದ್ಯೋಗಿ ಜೆರಾರ್ಡರೂ ಎರಡು ಗಡಿಯಾರಗಳನ್ನೂ ಒಂದೇ ಲೆಕ್ಕದಲ್ಲಿ ಜೋಡಿಸಿದರು.

ಆ ಲೆಕ್ಕದಲ್ಲಿ ಕಂಡುದು ಹೈಗೆನ್ಸನ ಕೋಣೆಯಲ್ಲಿ ಕಂಡುದೇ. ತನ್ನಷ್ಟಕ್ಕೆ ಬಿಟ್ಟರೆ ೨೨ ಗಂಟೆಗೊಮ್ಮೆ ಇಬ್ಭಾಗವಾಗುವ ಕೋಶವೊಂದಿದೆಯೆಂದು ಇಟ್ಟುಕೊಳ್ಳೋಣ. ದಿನದ ಗಡಿಯಾರಕ್ಕೆ ಅದನ್ನು ತಕ್ಕಷ್ಟು ಬಲವಾಗಿ ಕಟ್ಟಿದರೆ ಅದು ನಿಧಾನಿಸಿ ೨೪ ಗಂಟೆಗೊಮ್ಮೆ, ದಿನದ ಗೊತ್ತಾದ ಹೊತ್ತಿನಲ್ಲಿ ಇಬ್ಭಾಗವಾಗತೊಡಗುತ್ತದೆ. ಕೋಶದ ಸ್ವಂತ ವೇಗವು ೨೪ ಗಂಟೆಯಿಂದ ಬಹಳ ದೂರವಿದ್ದರೆ, ಅಥವಾ ಕಟ್ಟು ಸಡಿಲವಾಗಿದ್ದರೆ, ಈ ಹೊಂದಿಕೆ ಸಾಧ್ಯವಾಗದು. ೨೦೧೪ರಲ್ಲಿ ಪ್ರಕಟವಾದ ಎರಡು ಸಂಶೋಧನೆಗಳಲ್ಲಿ, ಒಂದೊಂದು ಇಲಿಯ ಕೋಶವನ್ನೂ ಸೂಕ್ಷ್ಮದರ್ಶಕದಡಿಯಲ್ಲಿ ದಿನಗಟ್ಟಲೆ ನೋಡಿದಾಗ, ಎರಡು ಗಡಿಯಾರಗಳೂ ಹೆಜ್ಜೆ ಹೊಂದಿಸಿ ನಡೆಯುವುದು ನಿಜವೆಂದು ಕಂಡಿತು. ಅಷ್ಟೇ ಅಲ್ಲ, ಲೋಸಾನಿನ ವಿದ್ವಾಂಸರು ನೋಡಿದ ಕೋಶಗಳಲ್ಲಿ ವಿಭಜನೆಯೇ ದಿನದ ಗಡಿಯಾರವನ್ನು ಹೆಚ್ಚಾಗಿ ಎಳೆಯುತ್ತಿದ್ದಿತು. ಸಂಬಂಧವು ಒಂದೇ ಕಡೆಯದೆಂದು ನಂಬಿದ್ದವರಿಗೆ ಇದು ಆಶ್ಚರ್ಯವನ್ನುಂಟುಮಾಡಿತು. ಆದರೆ ತೊಲೆಯು ಎರಡು ಕಡೆಗೂ ಅಲುಗುತ್ತದೆಂಬುದನ್ನು ಹೈಗೆನ್ಸನು ಮೊದಲೇ ಅರಿತಿದ್ದನಲ್ಲವೆ? ೨೦೦೨ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಕೆಲವರು ಅವನ ಪ್ರಯೋಗವನ್ನು ಮರಳಿ ಮಾಡಿ ಇನ್ನೊಂದು ಮಾತನ್ನೂ ತಿಳಿಸಿದರು. ಸಂಬಂಧವು ತೀರ ಸಡಿಲವಾದರೆ ಗಡಿಯಾರಗಳು ಹೊಂದಿಕೊಳ್ಳವು. ತೀರ ಬಿಗಿಯಾದರೆ ಒಂದು ಗಡಿಯಾರವು ನಿಂತೇಹೋಗುವುದುಂಟು.

ಇದೆಲ್ಲ ಪಂಡಿತರ ವಿನೋದವೆಂದು ನಮ್ಮ ವಾಚಕರು ಎಣಿಸಬಾರದು. ಕೋಶಗಳು ಅಂಕೆಮೀರಿ ವಿಭಜನೆಯಾಗುವುದೇ ಕ್ಯಾನ್ಸರ್ ರೋಗ. ರಾತ್ರಿಯ ಸರದಿಯ ಕೆಲಸವು ಶರೀರದ ಹೊತ್ತನ್ನು ಕೆಡಿಸುವುದರಿಂದ, ಅದು ಬಹುಶಃ ಈ ರೋಗಕ್ಕೆ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೦೭ರಲ್ಲಿ ಅಭಿಪ್ರಾಯಪಟ್ಟು, ೨೦೧೯ರಲ್ಲಿ ಅದನ್ನೇ ಸ್ಥಿರಪಡಿಸಿತು. ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದವರಲ್ಲಿ ದಾದಿಯರಾಗಿ ರಾತ್ರಿಯೆಲ್ಲ ಎಚ್ಚರವಿದ್ದು ರೋಗಿಗಳ ಶುಶ್ರೂಷೆ ಮಾಡುವವರು ಎಷ್ಟು ಮಂದಿಯಿರುವರೆಂಬುದನ್ನು ನೆನೆದರೆ, ಈ ವಿಷಯವು ನಮಗೆ ಎಷ್ಟು ಹತ್ತಿರದ್ದೆಂದು ತಿಳಿದೀತು. ಇದರಿಂದ ಹೆದರಿ ಸೇವೆಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಸರದಿಗಳನ್ನು ಏರ್ಪಡಿಸುವವರು ಅವರ ನಿದ್ರೆಯ ಹಕ್ಕನ್ನು ಅಲಕ್ಷಿಸಬಾರದೆಂದು ಮಾತ್ರ ಹೇಳುತ್ತೇವೆ.

ಚಿಕಿತ್ಸೆಯ ವಿಷಯದಲ್ಲಿಯೂ ಹಾಗೆಯೇ. ವಿಭಜನೆಯಾಗುವ ಕೋಶವನ್ನು ಕೊಲ್ಲುವ ಮದ್ದನ್ನು, ಒಳ್ಳೆಯ ಕೋಶಗಳು ವಿಶ್ರಮಿಸುವ ಹೊತ್ತಿನಲ್ಲಿ ಕೊಟ್ಟರೆ ಅವು ಉಳಿಯಬಹುದೆಂಬ ಆಶೆಯಿಂದ ಯೂರೋಪಿನ ವೈದ್ಯರು ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ ೫೬೪ ರೋಗಿಗಳಲ್ಲಿ ಪರೀಕ್ಷೆ ನಡೆಯಿಸಿ ೨೦೦೬ರಲ್ಲಿ ಫಲವನ್ನು ಪ್ರಕಟಿಸಿದರು. ಒಟ್ಟಿನಲ್ಲಿ ನೋಡಿದರೆ ಹೊತ್ತಿಗೆ ತಕ್ಕ ಚಿಕಿತ್ಸೆಗೂ ಸಾಮಾನ್ಯ ಚಿಕಿತ್ಸೆಗೂ ಆಯುಷ್ಯದಲ್ಲಿ ಭೇದವಿರಲಿಲ್ಲ. ಆದರೆ ಗಂಡಸರನ್ನೂ ಹೆಂಗಸರನ್ನೂ ಬೇರೆಬೇರೆಯಾಗಿ ಎಣಿಸಿದಾಗ, ಅದೇ ವೇಳಾಪಟ್ಟಿಯು ಗಂಡಸರಿಗೆ ಹಿತವನ್ನೂ ಹೆಂಗಸರಿಗೆ ಅಹಿತವನ್ನೂ ಮಾಡಿತ್ತೆಂದು ಕಂಡುಬಂದಿತು. ಎಲ್ಲರ ಒಳಗಡಿಯಾರವೂ ಒಂದೇ ಎಂದು ಭಾವಿಸಿ ಬರೆದ ವೇಳಾಪಟ್ಟಿಯಲ್ಲಿ ಹೆಂಗಸರ ಪಾಲಿನ ಲೆಕ್ಕವು ತಪ್ಪಿಹೋಗಿದ್ದಿತು. ಆದಕಾರಣವೇ ಗಣಿತದ ಮಾದರಿಗಳು ಬೇಕಾಗಿವೆ. ಸರಾಸರಿ ಮನುಷ್ಯನಿಗಲ್ಲ, ಈ ರೋಗಿಗೆ ಯಾವ ಹೊತ್ತು ಒಳ್ಳೆಯದೆಂದು ಅವು ಮುಂದೆ ಹೇಳಬೇಕಾಗಿದೆ. ಆ ಕೆಲಸವು ಇನ್ನೂ ಮುಗಿದಿಲ್ಲ. ಗಣಿತವನ್ನೂ ಜೀವಶಾಸ್ತ್ರವನ್ನೂ ಒಟ್ಟಿಗೆ ಬಲ್ಲ ಹೆಣ್ಣುಮಕ್ಕಳು ಅದಕ್ಕೆ ಕೈಹಾಕಿದರೆ, ಬಿಟ್ಟುಹೋದ ಲೆಕ್ಕವು ಬೇಗ ಸರಿಯಾದೀತೆಂದು ನಾವು ನಂಬುತ್ತೇವೆ. ನಮ್ಮ ಹುಡುಗಿಯರು ಗಣಿತವು ತಮಗಲ್ಲವೆಂದು ಬಿಡುವ ಮೊದಲು, ತಾಯ್ತಂದೆಗಳು ಈ ಮಾತನ್ನು ಅವರಿಗೆ ತಿಳಿಸಲಿ.

ಹೈಗೆನ್ಸ್ ಮಹಾಶಯನು ತಾಳ್ಮೆಯುಳ್ಳವನು. ಪರೀಕ್ಷಿಸದೆ ಯಾವುದನ್ನೂ ನಂಬದವನು. ತನ್ನ ಮೊದಲ ಊಹೆ ತಪ್ಪೆಂದು ಕಂಡರೆ ಅದನ್ನು ಕೈಬಿಡಲು ಹಿಂಜರಿಯದವನು. ಅವನು ಬಯಸಿದುದು ನಾವಿಕರ ಪ್ರಾಣವನ್ನುಳಿಸುವ ಗಡಿಯಾರವನ್ನು. ಅದು ಅವನಿಗೆ ಕೈಗೂಡಲಿಲ್ಲ. ದಾರಿಯಲ್ಲಿ ಕಂಡ ಸಣ್ಣ ಸಂಗತಿಯನ್ನು, ತನ್ನ ಗುರಿಗೆ ಅದು ಅಡ್ಡಿಯಾದರೂ, ಮುಚ್ಚಿಡದೆ ಇದ್ದುದನ್ನು ಇದ್ದಂತೆ ಬರೆದಿಟ್ಟನು. ಅದು ಈಗ ಅವನು ಕನಸಿನಲ್ಲಿಯೂ ಎಣಿಸದಿದ್ದ ರೋಗಿಗಳ ಪ್ರಾಣರಕ್ಷಣೆಗೆ ದಾರಿ ತೋರಿಸುತ್ತಿದೆ. ನಾವು ಮಾಡುವ ಸಣ್ಣ ಕೆಲಸದ ಫಲವನ್ನು ನಾವೇ ಕಾಣದೆ ಹೋಗಬಹುದು; ಅದನ್ನು ಪ್ರಾಮಾಣಿಕವಾಗಿ ಮಾಡಿ ಬರೆದಿಡುವುದಷ್ಟೇ ನಮ್ಮ ಪಾಲಿಗೆ ಬಂದುದು. ಈ ಮಹನೀಯನ ಜೀವಿತದಿಂದ ನಮ್ಮ ವಿದ್ಯಾರ್ಥಿನಿಯರು ಇಷ್ಟನ್ನು ಕಲಿತರೆ ನಮ್ಮ ಶ್ರಮವು ಸಾರ್ಥಕವಾಯಿತೆಂದು ಭಾವಿಸುವೆವು.